ಕಾರ್ಡಿನ ಮೇಲಿನ ಕಾಣದ ಚೀಟಿ

“ಹಲೋ… ಹಲೋ, ಯಾರು? ಯಾರ್ರೀ ಮಾತಾಡ್ತಿರೋದು? ಸ್ವಲ್ಪ ಜೋರಾಗಿ ಹೇಳಿ, ಏನೂ ಕೇಳಿಸ್ತಿಲ್ಲ…”

ನಂಬರು ಗುರುತಿನದಲ್ಲ. ಆ ಕಡೆ ಯಾರೋ ಬಾವಿಯೊಳಗೆ ಕೂತು ಪಿಸುಗುಟ್ಟಿದ ಹಾಗಿತ್ತು. ತಂಗಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು, ಯಾಕೆಂದರೆ ಎರಡೂ ಕೈಗೆ ಪುರಸೊತ್ತಿರಲಿಲ್ಲ. ಅವಳ ಮಡಿಲಲ್ಲಿ ಕೂತಿದ್ದ ಗುಂಡ, ಇನ್ನೂ ಹಲ್ಲು ಮೂಡದ ಕೂಸು, ಲ್ಯಾಪ್‌ಟಾಪಿನ ಚಾರ್ಜರ್ ವೈರನ್ನು ಬಾಯಿಗೆ ಹಾಕಿಕೊಳ್ಳುವ ಪ್ರಯತ್ನದಲ್ಲಿದ್ದ. ಮಂಚದ ಆ ಬದಿಯಲ್ಲಿ ಗುಂಡನ ತಾಯಿ, ಅಂದರೆ ಅಮ್ಮನನ್ನು ನೋಡಿಕೊಳ್ಳಲು ದಿನಾ ಬರುವ ನರ್ಸು, ಅಮ್ಮನ ಸೊಂಟಕ್ಕೆ ಕೈ ಕೊಟ್ಟು ಮೆಲ್ಲಗೆ ಎಡಮಗ್ಗುಲಿಗೆ ಹೊರಳಿಸುತ್ತಿದ್ದಳು. ಅಮ್ಮನಿಗೆ ಲಕ್ವ ಹೊಡೆದು ವರ್ಷವಾಗುತ್ತ ಬಂದಿತ್ತು. ಮಾತು ಹೋಗಿತ್ತು, ಬಲಗೈ ಹೋಗಿತ್ತು. ಕಿವಿ ಮತ್ತು ಸಿಟ್ಟು ಮಾತ್ರ ಮೊದಲಿನ ಹಾಗೆಯೇ ಇದ್ದವು.

“…ಯಾರು? ಅಣ್ಣಾನಾ? ಗುರುತೇ ಸಿಗಲಿಲ್ಲ ನೋಡು. ಇದ್ಯಾರ ನಂಬರು? … ಡ್ರೈವರ್ದಾ? ಯಾವ ಡ್ರೈವರು? … ಹಾಂ, ಆಸ್ಪತ್ರೆ ಮೇಡಂ ಡ್ರೈವರು. ಮತ್ತೆ ನಿನ್ನ ಫೋನೆಲ್ಲಿ? … ಮೇಡಂ ಕೈಲಿದೆಯಾ? ಮೇಡಂ ಕೈಲಿ ಯಾಕಿದೆ?”

“…ಸರಿ, ನೀನೆಲ್ಲಿದೀಯ ಈಗ? … ಬಚ್ಚಲಲ್ಲಾ? ಆಫೀಸಿನ ಬಚ್ಚಲಲ್ಲಿ ನಿಂತ್ಕೊಂಡು ಡ್ರೈವರ್ ಫೋನಲ್ಲಿ… ಇಲ್ಲಪ್ಪ, ನಾನು ನಗ್ತಿಲ್ಲ. ಅದು… ಟೀವಿ ಅದು. ನೀನು ಹೇಳು.”

ಆ ಕೋಣೆಯಲ್ಲಿ ಟೀವಿ ಇರಲೇ ಇಲ್ಲ. ನಕ್ಕಿದ್ದು ಗುಂಡ. ತಾಯಿಯ ಜೊತೆ ಅವನೂ ಈ ಮನೆಗೆ ಬರುತ್ತಾನೆ, ಅಮ್ಮನ ಮಂಚದ ಮೇಲೆಯೇ ಆಡುತ್ತಾನೆ, ಅಲ್ಲೇ ಮಲಗುತ್ತಾನೆ ಎನ್ನುವುದು ಅಣ್ಣನಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಹಾಗೂ ಇರಲಿಲ್ಲ. ಅಮ್ಮನನ್ನು ನೋಡಲು ಅವನು ಬರುವುದು ಬಿಡುವಿದ್ದಾಗ, ಬಿಡುವು ಅವನಿಗೆ ಇದ್ದದ್ದೇ ಕಡಿಮೆ. ಕಾಯಿಲೆ ಬಿದ್ದವರ ಮನೆಗಳಿಗೆ ನರ್ಸುಗಳನ್ನು ಕಳಿಸುವ ಕಂಪನಿ ಅವನದು. ಅದರ ವೆಬ್ ಪುಟ ಮಾಡಿಕೊಟ್ಟವಳು ತಂಗಿ. ಅದರಲ್ಲಿ ಒಬ್ಬೊಬ್ಬ ನರ್ಸಿಗೂ ಒಂದೊಂದು ಕಾರ್ಡು, ಕಾರ್ಡಿನ ಮೇಲೆ ಫೋಟೋ, ಎಷ್ಟು ಕಾಲದ ಅನುಭವ, ಯಾವ ಯಾವ ಕೆಲಸ ಬರುತ್ತದೆ, ಕೆಳಗೆ “ಇವರನ್ನು ಕರೆಸಿ” ಎನ್ನುವ ಹಸಿರು ಗುಂಡಿ. ಆ ದಿನ ಒಂದು ದೊಡ್ಡ ಆಸ್ಪತ್ರೆಯ ಮೇಡಂ ಅಣ್ಣನ ಆಫೀಸಿಗೇ ಬಂದು ಕೂತಿದ್ದರು. ಮನೆಗೆ ಹೋಗುವ ರೋಗಿಗಳಿಗೆಲ್ಲ ಇನ್ನು ಮುಂದೆ ಇವನ ಕಂಪನಿಯಿಂದಲೇ ನರ್ಸುಗಳು ಅಂತ ಮಾತು ಮುಗಿಸುವವರಿದ್ದರು. ಅಣ್ಣ ಹೆಮ್ಮೆಯಿಂದ ತನ್ನ ಫೋನಿನಲ್ಲಿ ಪುಟ ತೆಗೆದು ಅವರ ಕೈಗೆ ಕೊಟ್ಟಿದ್ದ.

“…ಖಾಲಿನಾ? ಪೂರ್ತಿ ಖಾಲಿನಾ? … ಇರು, ನಾನೂ ತೆಗೆದು ನೋಡ್ತೀನಿ. ಗಾಬರಿ ಆಗ್ಬೇಡ.”

ಗುಂಡನನ್ನು ಒಂದು ತೊಡೆಗೆ ಸರಿಸಿ ಅವಳು ಲ್ಯಾಪ್‌ಟಾಪನ್ನು ಎಳೆದುಕೊಂಡಳು. ಪುಟ ತೆರೆಯಿತು. ಮೇಲೆ “ನಿಮ್ಮವರ ಪಕ್ಕದಲ್ಲಿ ನಮ್ಮವರು” ಎನ್ನುವ ದೊಡ್ಡ ಅಕ್ಷರ, ಕಟ್ಟಕಡೆಯಲ್ಲಿ ಆಫೀಸಿನ ಫೋನ್ ನಂಬರು, ನಡುವೆ ಸುಣ್ಣ ಬಳಿದ ಗೋಡೆ. ಒಬ್ಬಳೇ ಒಬ್ಬ ನರ್ಸು ಇರಲಿಲ್ಲ.

“…ಹ್ಯಾಕಾ? ನಮ್ಮ ಪುಟಾನ ಯಾರಪ್ಪ ಹ್ಯಾಕ್ ಮಾಡ್ತಾರೆ? ಮಾಡಿದ್ರೆ ಅವರಿಗೆ ನಿನ್ನ ಮೇಲೂ ಕೋಪ ಇದೆ ಅನ್ಸುತ್ತೆ, ನಿನ್ನ ಫೋಟೋನೂ ಇಲ್ಲ. … ಹೂಂ, ಮಾಲೀಕರು ಅಂತ ಟೈ ಕಟ್ಕೊಂಡು ನಿಂತಿದ್ಯಲ್ಲ, ಅದೇ. ಅದೂ ಹೋಗಿದೆ. … ಬೈಬೇಡ, ಹುಡುಕ್ತಾ ಇದೀನಿ.”

ಪುಟದ ಹಿಂಬದಿ ತೆರೆದು ನೋಡಿದರೆ ಎಲ್ಲ ಕಾರ್ಡುಗಳೂ ಸಾಲಾಗಿ ಅಲ್ಲೇ ಇದ್ದವು. ಯಾವುದೂ ಅಳಿಸಿ ಹೋಗಿರಲಿಲ್ಲ. ಯಾರೋ ಅವುಗಳನ್ನು ಮರೆಮಾಡು ಅಂತ ಅಪ್ಪಣೆ ಕೊಟ್ಟಿದ್ದರು, ಅವು ಪಾಪ ಮರೆಯಾಗಿದ್ದವು. ಅಪ್ಪಣೆ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದ ತಂಗಿಯ ಹುಬ್ಬು ಒಂದು ಸಾಲಿನ ಹತ್ತಿರ ಗಂಟಾಯಿತು. ಆ ಹುಬ್ಬು ಗಂಟಾದರೆ ಮನೆಯಲ್ಲಿ ಎಲ್ಲರೂ ಸ್ವಲ್ಪ ದೂರ ನಿಲ್ಲುವುದು ವಾಡಿಕೆ. ಅಣ್ಣನಿಗೆ ಅದು ಕಾಣುತ್ತಿರಲಿಲ್ಲ.

“…ಅಣ್ಣ, ಒಂದ್ ಮಾತು ಕೇಳ್ತೀನಿ. ಬಣ್ಣಗಿಣ್ಣ ಬದಲಾಯಿಸ್ಕೋ ಅಂತ ನಿನಗೊಂದು ಜಾಗ ಕೊಟ್ಟಿದ್ನಲ್ಲ, ಅಲ್ಲೇನಾದ್ರೂ ಬರೆದ್ಯಾ? … ಇಲ್ವಾ? … ಏನೂ ಬರೀಲಿಲ್ವಾ? … ಹಾಗಾದ್ರೆ ಈ ಸಾಲು ಆಕಾಶದಿಂದ ಉದುರಿತಾ?”

“…ಯಾವ ಸಾಲಾ? ಓದ್ತೀನಿ ಕೇಳು. ಚೌಕದ ಬ್ರ್ಯಾಕೆಟ್ಟು. ಒಳಗೆ ಡೇಟಾ, ಅಡ್ಡಗೆರೆ, ಮಗು. ಮುಂದೆ, ಇದನ್ನ ತೋರಿಸಬೇಡ ಅಂತ. ಇಷ್ಟೇ ಇದೆ. … ಯಾರು ಬರೆದಿದ್ದು ಇದನ್ನ?”

ಆ ಕಡೆ ಅಣ್ಣ ನಲ್ಲಿ ತಿರುಗಿಸಿ ನೀರು ಬಿಟ್ಟ ಸದ್ದು ಕೇಳಿಸಿತು. ಈ ಕಡೆ, ಅಮ್ಮನ ಬೆನ್ನಿಗೆ ಪೌಡರು ಹಾಕುತ್ತಿದ್ದ ನರ್ಸಿನ ಕೈ ನಿಂತಿತು. “ಮಗು” ಎನ್ನುವ ಶಬ್ದ ಅವಳ ಕಿವಿಗೆ ಬಿದ್ದಿತ್ತು.

“…ವಿಡಿಯೋ ನೋಡಿ ಕಲಿತ್ಯಾ. ಭೇಷ್. ಹಿಂಬದಿ ತೆಗೆದು ಚೀಟಿ ಓದೋದನ್ನೂ ವಿಡಿಯೋನೇ ಹೇಳಿಕೊಡ್ತಾ?”

ಚೀಟಿ ಅಂದರೆ ಇದು. ಪ್ರತಿ ಕಾರ್ಡಿನ ಮೇಲೂ ನೋಡುವವರ ಕಣ್ಣಿಗೆ ಬೀಳದ ಒಂದು ಸಣ್ಣ ಗುರುತನ್ನು ಅಂಟಿಸಬಹುದು. ಕಾರ್ಡು ಮಾಡಿದವರಿಗೆ ಬೇಕಾದ ಹೆಸರು, ಬೇಕಾದ ಮಾತು. ಪುಟದ ಒಳಗಿನ ಲೆಕ್ಕಾಚಾರ ಮಾತ್ರ ಅದನ್ನು ಓದುತ್ತದೆ, ಅದನ್ನು ನೋಡಿಕೊಂಡು ಇಂಥ ಕಾರ್ಡುಗಳನ್ನು ಆರಿಸು ಅಂದರೆ ಆರಿಸುತ್ತದೆ. ಈ ಚೀಟಿಯನ್ನು ಅಂಟಿಸಿದವಳು ತಂಗಿಯೇ. ಪುಟ ಕಟ್ಟುವಾಗ ಅವಳು ಒಬ್ಬೊಬ್ಬ ನರ್ಸಿಗೂ ತಾನೇ ಫೋನು ಮಾಡಿ ಮನೆಯಲ್ಲಿ ಹಾಲು ಕುಡಿಯುವ ಮಗು ಇದೆಯೇ ಅಂತ ಕೇಳಿದ್ದಳು. ಇದ್ದರೆ ಅಂಥವರಿಗೆ ಹತ್ತಿರದ ಮನೆ, ಹಗಲಿನ ಪಾಳಿ ತಾನಾಗಿ ಸಿಗಬೇಕು, ಅಷ್ಟೇ ಅವಳ ಉದ್ದೇಶ. ಅವರಲ್ಲೊಬ್ಬಳು, ಹೇಳಿದರೆ ಕೆಲಸಕ್ಕೆ ಕುತ್ತು ಬರುವುದಿಲ್ಲ ತಾನೇ ಅಂತ ಕೇಳಿದ್ದಳು. ಯಾವ ಮನುಷ್ಯರೂ ಇದನ್ನು ನೋಡುವುದಿಲ್ಲ, ಯಂತ್ರ ಮಾತ್ರ ನೋಡುತ್ತದೆ ಅಂತ ತಂಗಿ ಮಾತು ಕೊಟ್ಟಿದ್ದಳು. ಆ ಮಾತನ್ನು ನಂಬಿ ಹೌದು ಅಂದವಳು ಈಗ ಅಮ್ಮನ ಬೆನ್ನ ಹಿಂದೆ ಪೌಡರ್ ಡಬ್ಬಿ ಹಿಡಿದು ನಿಂತಿದ್ದಳು.

“…ಯಾಕೆ ಬರೆದೆ ಅಂತ ಕೇಳ್ತಿದೀನಿ. … ಮೇಡಂ ಹೇಳಿದ್ರಾ? ಏನಂತ? … ಬಾಯೊಳಗೇ ನುಂಗಬೇಡ, ಪೂರ್ತಿ ಹೇಳು. … ಚಿಕ್ಕ ಮಕ್ಕಳಿರೋರು ಬೇಡ. ಹಾಂ. ರಜಾ ಹಾಕ್ತಾರೆ. ಹಾಂ. ಗಮನವೆಲ್ಲ ಮನೆ ಕಡೆಗೇ ಇರುತ್ತೆ. ಹಾಂ, ಹಾಂ. ಅದಕ್ಕೆ ನೀನು?”

“…ಅದಕ್ಕೆ ನೀನು ಅವರನ್ನೆಲ್ಲ ಸದ್ದಿಲ್ಲದೆ ಮಾಯ ಮಾಡಿಬಿಡೋಣ ಅಂತ ಹೊರಟೆ. ಅಲ್ವಾ? … ಅಲ್ವಾ ಅಣ್ಣ? … ಆದ್ರೆ ಎಲ್ಲರೂ ಮಾಯ ಆಗ್ಬಿಟ್ರು.”

ಇಷ್ಟು ಸಿಟ್ಟಿನಲ್ಲೂ ಅವಳಿಗೆ ನಗು ತಡೆಯಲಾಗಲಿಲ್ಲ. ಅಣ್ಣ ಎಲ್ಲಿ ಎಡವಿದ ಎನ್ನುವುದು ಒಂದೇ ನೋಟಕ್ಕೆ ತಿಳಿದಿತ್ತು. ಯಾವುದನ್ನೂ ಖಾಲಿ ಬಿಡುವ ಅಭ್ಯಾಸ ಅವಳಿಗಿರಲಿಲ್ಲ. ಮಗು ಇರುವವರ ಚೀಟಿಯಲ್ಲಿ “ಹೌದು” ಅಂತ ಬರೆದವಳು, ಇಲ್ಲದವರಿಗೂ ಚೀಟಿ ಅಂಟಿಸಿ “ಇಲ್ಲ” ಅಂತ ಬರೆದಿದ್ದಳು. ಅಣ್ಣನ ಕಾರ್ಡೂ ಅದೇ ಅಚ್ಚಿನಿಂದ ಬಂದದ್ದು, ಅವನಿಗೂ ಒಂದು ಅಂಟಿತ್ತು.

“…ಯಾಕೆ ಹೀಗಾಯ್ತು ಅಂದ್ರೆ, ನೀನು ಚೀಟಿ ಇದೆಯಾ ಅಂತ ಮಾತ್ರ ಕೇಳಿದೀಯ. ಚೀಟಿಯಲ್ಲಿ ಏನು ಬರೆದಿದೆ ಅಂತ ಕೇಳಿಲ್ಲ. ಹೌದು ಅಂತಿರೋರೂ ಹೋದ್ರು, ಇಲ್ಲ ಅಂತಿರೋರೂ ಹೋದ್ರು. ನಿನ್ನ ಮೇಲೂ ಒಂದಿದೆ. ಮಗು, ಇಲ್ಲ. ನೀನೂ ಹೋದೆ.”

“…ಏನು ಸೇರಿಸಬೇಕಾ?”

ಸೇರಿಸಬೇಕಾದದ್ದು ಒಂದು ಸಮಚಿಹ್ನೆ, “ಹೌದು” ಎನ್ನುವ ಒಂದು ಪದ. ಅಷ್ಟು ಬರೆದರೆ ಮಗು ಇಲ್ಲದವರೆಲ್ಲ ತಿರುಗಿ ಬರುತ್ತಾರೆ, ಇರುವವರು ಮಾತ್ರ ಮರೆಯಲ್ಲೇ ಉಳಿಯುತ್ತಾರೆ. ತಂಗಿಯ ನಾಲಿಗೆಯ ತುದಿಗೆ ಅದು ಬಂದೇಬಿಟ್ಟಿತ್ತು. ಈ ಕಸುಬಿನವರಿಗೆ ತಪ್ಪು ಎಲ್ಲಿದೆ ಅಂತ ಯಾರಾದರೂ ಕೇಳಿದರೆ ಸಾಕು, ಬೆರಳು ತನ್ನಷ್ಟಕ್ಕೆ ಓಡುತ್ತದೆ. ಅವಳು ಕೀಬೋರ್ಡಿನಿಂದ ಕೈ ತೆಗೆದು ಗುಂಡನ ಪಾದ ಹಿಡಿದುಕೊಂಡಳು.

“…ಹೇಳಲ್ಲ.”

“…ಗೊತ್ತಿದೆ. ಹೇಳಲ್ಲ ಅಂದೆ. … ಎಷ್ಟು ಸಲ ಕೇಳಿದ್ರೂ ಅದೇ. … ಕಾಯ್ಲಿ ಬಿಡು ಮೇಡಂ, ಕಾಫಿ ಕೊಡಿಸು.”

ಆಗ ಅವಳಿಗೆ ಇನ್ನೊಂದು ಯೋಚನೆ ಬಂತು. ಅವಳು ಸೋಮಾರಿತನ ಮಾಡಿ, ಮಗು ಇರುವವರಿಗೆ ಮಾತ್ರ ಚೀಟಿ ಅಂಟಿಸಿದ್ದರೆ? ಅಣ್ಣನ ಸಾಲು ಮೊದಲ ಏಟಿಗೇ ಸರಿಯಾಗಿ ಕೆಲಸ ಮಾಡಿರುತ್ತಿತ್ತು. ಪುಟ ಚೆಂದವಾಗಿಯೇ ಇರುತ್ತಿತ್ತು, ಮೇಡಂ ತಲೆದೂಗುತ್ತಿದ್ದರು, ಈ ಫೋನೇ ಬರುತ್ತಿರಲಿಲ್ಲ. ಅಷ್ಟು ಜನ ಹೆಂಗಸರು ಯಾಕೆ ತಮಗೆ ಮಾತ್ರ ಕರೆ ಬರುತ್ತಿಲ್ಲ ಅಂತ ಫೋನು ನೋಡಿಕೊಂಡು ಕೂತಿರುತ್ತಿದ್ದರು. ತಮ್ಮ ಹಣೆಬರಹ ಅಂದುಕೊಳ್ಳುತ್ತಿದ್ದರು. ಬರೆದವಳು ತಾನು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ.

“…ವ್ಯಾಪಾರ ನಿಂದೇ, ಯಾರು ಇಲ್ಲ ಅಂದ್ರು? … ಹೌದು, ಕಷ್ಟಪಟ್ಟು ಕಟ್ಟಿದೀಯ. … ಹೌದು, ನನ್ನ ಸಂಬಳ ಅದರಿಂದಲೇ ಬರುತ್ತೆ. ಎಲ್ಲಾ ಹೌದು. ಆದ್ರೆ ಆ ಚೀಟಿ ನಿಂದಲ್ಲ. ಅವರು ನಂಬಿ ನನ್ನ ಕಿವೀಲಿ ಹೇಳಿದ್ದು. ಮಕ್ಕಳಿಗೆ ಒಳ್ಳೇದಾಗಲಿ ಅಂತ ಬರೆದಿದ್ದು. ಅದನ್ನೇ ಹಿಡ್ಕೊಂಡು ಅವರ ಹೊಟ್ಟೆ ಮೇಲೆ ಹೊಡೀತೀನಿ ಅಂದ್ರೆ ನಾನು ಸುಮ್ನಿರಲ್ಲ.”

“…ದೊಡ್ಡ ಮಾತಾ? ಇರಲಿ. ಬಚ್ಚಲಲ್ಲಿ ನಿಂತು ಪಿಸುಗುಟ್ಟೋ ಮಾತಿಗಿಂತ ದೊಡ್ಡದೇ.”

ಈ ಮಾತು ನಡೆಯುತ್ತಿದ್ದಾಗ ನರ್ಸು ಅಮ್ಮನ ಹೊದಿಕೆ ಸರಿಮಾಡಿದಳು, ಡಬ್ಬಿ ಮುಚ್ಚಿದಳು, ಆಮೇಲೆ ಕಿಟಕಿಯ ಹತ್ತಿರ ಹೋಗಿ ಒಣಗಲು ಹಾಕಿದ್ದ ಗುಂಡನ ಬಟ್ಟೆಗಳನ್ನು ಒಂದೊಂದಾಗಿ ಮಡಚತೊಡಗಿದಳು. ಮಡಚಿದ್ದನ್ನು ಚೀಲಕ್ಕೆ ಹಾಕಿದಳು. ಗುಂಡನ ಗಿಲಕಿಯನ್ನೂ ಹಾಕಿದಳು. ತಂಗಿ ಕಣ್ಣು ಬಿಟ್ಟು, ಕತ್ತು ಆಡಿಸಿ, ಕೂತುಕೊಳ್ಳಿ ಅಂತ ಸನ್ನೆ ಮಾಡಿದಳು. ಅವಳು ಕೂರಲಿಲ್ಲ. ಇಂಥ ಫೋನುಗಳು ಹೇಗೆ ಮುಗಿಯುತ್ತವೆ ಅಂತ ಅವಳು ಬೇರೆ ಮನೆಗಳಲ್ಲಿ ನೋಡಿದ್ದಳು.

ಗುಂಡನಿಗೆ ತನ್ನ ಗಿಲಕಿ ಚೀಲದೊಳಗೆ ಹೋದದ್ದು ಕಂಡಿತು. ಕೈಯಲ್ಲಿದ್ದ ವೈರನ್ನೂ ತಂಗಿ ಕಿತ್ತುಕೊಂಡಿದ್ದಳು. ಎರಡೂ ಸೇರಿ ಅವನ ದುಃಖ ಉಕ್ಕಿ ಬಂದು, ಮನೆ ಹಾರಿಹೋಗುವ ಹಾಗೆ ಕಿರುಚಿದ.

“…ಏನದಾ? ಟೀವಿ ಅಲ್ಲ ಅದು. … ಟೀವಿ ಅಂದಿದ್ದು ಸುಳ್ಳು. ಮಗು. … ಇಲ್ಲೇ, ನನ್ನ ತೊಡೆ ಮೇಲೆ. … ಯಾರದ್ದು ಅಂದ್ರೆ, ನಿನ್ನ ಗಡಿಯಾರಮ್ಮಂದು.”

ಗಡಿಯಾರಮ್ಮ ಎನ್ನುವ ಅಡ್ಡಹೆಸರನ್ನು ಇಟ್ಟವನು ಅಣ್ಣನೇ. ಅಮ್ಮನನ್ನು ಮಗ್ಗುಲು ಬದಲಾಯಿಸುವ ಹೊತ್ತು ಒಂದು ಸಲವೂ ತಪ್ಪಿಸಿದವಳಲ್ಲ ಈ ನರ್ಸು. ಅವಳು ಬಂದ ಮೇಲೆ ಅಮ್ಮನ ಬೆನ್ನಿನ ಹುಣ್ಣು ಒಣಗಿತ್ತು, ಹೊಸದೊಂದು ಎದ್ದಿರಲಿಲ್ಲ. ಹೊಸ ಗಿರಾಕಿ ಯಾರೇ ಬರಲಿ, ನಮ್ಮಲ್ಲೊಬ್ಬಳು ಗಡಿಯಾರಮ್ಮ ಇದ್ದಾಳೆ, ನನ್ನ ಹೆತ್ತ ತಾಯಿಯನ್ನೇ ಅವಳ ಕೈಗೆ ಕೊಟ್ಟಿದ್ದೇನೆ ಅಂತ ಅಣ್ಣ ಎದೆಯುಬ್ಬಿಸಿ ಹೇಳುತ್ತಿದ್ದ. ಅವಳ ಮನೆಯಲ್ಲಿ ಯಾರಿದ್ದಾರೆ ಅಂತ ಒಂದು ದಿನವೂ ಕೇಳಿರಲಿಲ್ಲ.

“…ಹೌದು, ಅವರದ್ದೇ. ಬಂದಾಗಿಂದ ಇದೆ. ಕೂಸನ್ನ ಬಿಟ್ಟು ಬರೋಕೆ ಮನೇಲಿ ಯಾರೂ ಇಲ್ಲ, ಕರ್ಕೊಂಡ್ ಬನ್ನಿ ಅಂತ ನಾನೇ ಅಂದೆ. ಇವತ್ತು ಬೆಳಗ್ಗೆ ಮೇಡಂಗೂ ಅವರ ಕಥೆನೇ ಹೇಳಿದ್ಯಾ? … ಹೇಳಿದ್ಯಾ ಇಲ್ವಾ? … ಹೇಳಿದೀಯ. ಸರಿ. ಆ ಗಡಿಯಾರಮ್ಮನ ಚೀಟಿ ಓದ್ಲಾ? ಮಗು, ಹೌದು. ನಿನ್ನ ಸಾಲು ಸರಿಯಾಗಿ ಕೆಲಸ ಮಾಡಿದ್ದಿದ್ರೆ ಮೊದಲು ಮಾಯ ಆಗ್ತಿದ್ದೋರು ಅವರೇ.”

“…ಮೋಸಾನಾ? ಯಾರು ಯಾರಿಗೆ ಮೋಸ ಮಾಡಿದ್ದು? ನೀನು ಕೇಳಲಿಲ್ಲ, ಅವರು ಹೇಳಲಿಲ್ಲ. ನಾನು ಕೇಳಿದೆ, ನನಗೆ ಹೇಳಿದ್ರು.”

ಕಿಟಕಿಯ ಹತ್ತಿರ ನಿಂತವಳು ಕಣ್ಣು ಒರೆಸಿಕೊಂಡಳು. ತಂಗಿ ಅದನ್ನು ನೋಡಿದಳು. ಅಳುತ್ತಿದ್ದ ಗುಂಡನನ್ನು ಎತ್ತಿ ಮಂಚದ ಮೇಲೆ ಅಮ್ಮನ ಬಲಗೈ ಪಕ್ಕದಲ್ಲಿ ಕೂರಿಸಿದಳು. ಅದು ಅವನ ದಿನದ ಜಾಗ. ಸತ್ತ ಹಾಗೆ ಬಿದ್ದಿದ್ದ ಆ ಕೈಯ ಬೆರಳುಗಳನ್ನು ಒಂದೊಂದಾಗಿ ಹಿಡಿದು ಎಳೆಯುವುದು, ಚೀಪುವುದು ಅವನ ಆಟ. ಮೊದಮೊದಲು ತಂಗಿ ಬೇಡ ಅನ್ನುತ್ತಿದ್ದಳು. ಆಡಲಿ ಬಿಡಿ, ನಾವು ಎಳೆದರೆ ಅಮ್ಮನಿಗೆ ಬೇಜಾರು, ಅವನು ಎಳೆದರೆ ಇಲ್ಲ ಅಂತ ಗಡಿಯಾರಮ್ಮ ಹೇಳಿದ್ದಳು. ಈಚೆಗೆ ಒಂದೆರಡು ಸಲ ಹೆಬ್ಬೆರಳು ಮಿಸುಕಿದ ಹಾಗೆ ತಂಗಿಗೆ ಕಂಡಿತ್ತು. ಆಸೆಪಟ್ಟು ಆಮೇಲೆ ಪೆಚ್ಚಾಗುವುದು ಯಾಕೆ ಅಂತ ಯಾರಿಗೂ ಹೇಳಿರಲಿಲ್ಲ.

ಮಗು ತೆಪ್ಪಗಾಯಿತು. ತಂಗಿಯ ಎರಡೂ ಕೈ ಖಾಲಿಯಾದವು. ಫೋನನ್ನು ಸ್ಪೀಕರಿಗೆ ಹಾಕಿ ಮಂಚದ ಮೇಲಿಟ್ಟು, ಅವಳು ಕೀಬೋರ್ಡಿನ ಮುಂದೆ ನೆಟ್ಟಗೆ ಕೂತಳು.

“…ಮಾಡ್ತಿದೀನಿ, ಮಾಡ್ತಿದೀನಿ. ಸರಿ ಮಾಡ್ತಿದೀನಿ. ಮೊದಲು ನಿನ್ನ ಸಾಲು ಅಳಿಸಿದೆ. … ಹೂಂ, ಅಳಿಸಿದೆ. ಈಗ ಕಾರ್ಡಿನ ಅಚ್ಚಿಗೆ ಹೋದೆ. ಎಲ್ಲರ ಮೇಲೂ ಚೀಟಿ ಅಂಟಿಸೋ ಸಾಲೊಂದಿದೆ ಅಲ್ಲಿ, ನಾನೇ ಬರೆದಿದ್ದು. ಅದನ್ನೂ ಅಳಿಸಿದೆ. … ಕೇಳಿಸ್ತಲ್ಲ? ಒಳಗಡೆ ಎಲ್ಲರ ಹೆಸರಿನ ಮುಂದೆ ಹೌದು, ಇಲ್ಲ ಅಂತ ಇತ್ತು. ಅದೂ ಹೋಯ್ತು. ಪೂರ್ತಿ.”

“…ಈಗ ಮೇಡಂಗೆ ಇನ್ನೊಂದ್ಸಲ ತೆಗೆದು ನೋಡೋಕೆ ಹೇಳು. ಎಲ್ಲರೂ ಬಂದಿದಾರೆ. ಮಕ್ಕಳಿರೋರು, ಇಲ್ದಿರೋರು, ಎಲ್ಲಾ. ನೀನೂ ಬಂದಿದೀಯ, ಟೈ ಸಮೇತ.”

“…ಏನ್ ಬರೆದ್ರೂ ಸಿಗಲ್ಲ ಅಣ್ಣ. ಇನ್ನೂ ಹತ್ತು ವಿಡಿಯೋ ನೋಡು. ಹಿಡಿದು ಎಳೆಯೋಕೆ ಚೀಟಿನೇ ಇಲ್ಲ ಅಲ್ಲಿ. … ಹತ್ತಿರದ ಮನೇನಾ? ಅದಕ್ಕೆ ಬೇರೆ ಹಾಕ್ತೀನಿ. ಹತ್ತಿರದ ಮನೆ ಯಾರಿಗೆ ಬೇಕು ಅಂತ ಎಲ್ಲರನ್ನೂ ಕೇಳ್ತೀನಿ. ಮೊಣಕಾಲು ನೋವಿರೋರೂ ಬೇಕು ಅಂತಾರೆ, ಬಸ್ಸು ಸಿಗದೋರೂ ಅಂತಾರೆ. ಯಾಕೆ ಬೇಕು ಅಂತ ಬರೆಯಲ್ಲ.”

ಆ ಕಡೆಯಿಂದ ಬಹಳ ಹೊತ್ತು ಮಾತು ಬಂತು. ಪಿಸುಮಾತು ಹೋಗಿ ಈಗ ಗಂಟಲು ತೆರೆದಿತ್ತು. ಬಚ್ಚಲ ಗೋಡೆಗಳು ಅದನ್ನು ಇಮ್ಮಡಿ ಮಾಡಿ ಕಳಿಸುತ್ತಿದ್ದವು. ಹೊರಗೆ ಕೂತ ಮೇಡಂಗೂ ಕೇಳಿಸಿರಬೇಕು.

“…ಕೇಳ್ಕೋ. ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳ್ಕೋ. ನಾನು ನಿನಗಿಂತ ಮೊದಲೇ ಮಾಡಿರ್ತೀನಿ, ಏನೂ ಹೇಳ್ಬೇಡಿ ಅಂತ. … ಬೇರೆಯವರನ್ನ ಇಟ್ಕೋತೀಯಾ? ಇಟ್ಕೋ. ಬಂದೋರಿಗೂ ನಿಂತು ಹೇಳ್ತೀನಿ ಇದೆಲ್ಲಾ. … ಹೆದರಿಕೆನಾ? ನಂಗ್ಯಾಕೆ ಹೆದರಿಕೆ? ಕೆಲಸ ಹೋದ್ರೆ ಇನ್ನೊಂದು ಹುಡುಕ್ತೀನಿ. ನನ್ನ ಮೇಲೆ ಯಾವ ಚೀಟಿ ಅಂಟಿಸಿ ಮಾಯ ಮಾಡ್ತೀಯೋ ನಾನೂ ನೋಡ್ತೀನಿ.”

ಇಷ್ಟು ಜಂಬದಿಂದ ಅಂದವಳು ಮರುಗಳಿಗೆಯೇ ಕೀಬೋರ್ಡು ಬಿಟ್ಟು ಫೋನಿನ ಕಡೆ ಬಾಗಿದಳು.

“…ಏನಂದೆ?”

“…ಇನ್ನೊಂದ್ಸಲ ಹೇಳು. … ಇವತ್ತೇ? … ಇವತ್ತೇ ಕಳಿಸ್ಬೇಕಾ? ಯಾರನ್ನ ಕಳಿಸೋದು, ಇವರನ್ನಾ? … ನಾಳೆ ಬೇರೆಯವಳು ಬರ್ತಾಳೆ ಅಂದ್ರೆ? ಅಮ್ಮ ಏನು ಪಾರ್ಸಲ್ಲಾ, ಒಬ್ಬರ ಕೈಯಿಂದ ಒಬ್ಬರ ಕೈಗೆ ಕೊಡೋಕೆ?”

ಸ್ಪೀಕರು ಹಾಕಿತ್ತಲ್ಲ, ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತ್ತು. ಗಡಿಯಾರಮ್ಮ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಮಂಚದ ಹತ್ತಿರ ಬಂದು ಗುಂಡನನ್ನು ಎತ್ತಿಕೊಳ್ಳಲು ಕೈ ಚಾಚಿದಳು. ಗುಂಡ ಬರಲಿಲ್ಲ. ಅಮ್ಮನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಬಿಡಿಸಲು ಹೋದಳು, ಅವನು ಇನ್ನೂ ಗಟ್ಟಿಯಾಗಿ ಹಿಡಿದ.

ಕೆಲಸ ಹೋಗುವ ಹೆದರಿಕೆ ತಂಗಿಗೆ ನಿಜವಾಗಿಯೂ ಇರಲಿಲ್ಲ. ಪುಟ ತನ್ನ ಕೈಲಿತ್ತು, ಅಲ್ಲಿ ಗೆದ್ದಾಗಿತ್ತು. ಆದರೆ ಈ ಕೋಣೆ ಹಾಗಲ್ಲ. ನರ್ಸನ್ನು ಕಳಿಸಿದ್ದು ಅಣ್ಣನ ಕಂಪನಿ, ಹಿಂದಕ್ಕೆ ಕರೆಸಿಕೊಳ್ಳುವ ಅಧಿಕಾರವೂ ಅವನದೇ. ಅವಳು ಮೊದಲ ಸಲ ದನಿ ತಗ್ಗಿಸಿದಳು.

“…ಅಣ್ಣ, ನನ್ನ ಮೇಲಿನ ಸಿಟ್ಟನ್ನ ಅವರ ಮೇಲೆ ತೀರಿಸ್ಕೋಬೇಡ. ನನ್ನನ್ನ ಬೇಕಾದ್ರೆ ತೆಗೆದು ಹಾಕು. … ಇಲ್ಲ, ಕಳಿಸಲ್ಲ. ನೀನು ಹೇಳಿದ್ರೂ ಕಳಿಸಲ್ಲ. ಬಾಗಿಲು ಹಾಕ್ಕೊಂಡು ಇಲ್ಲೇ ಇಟ್ಕೋತೀನಿ. … ಅಮ್ಮನ್ನ ಕೇಳ್ಬೇಕಾ?”

“…ಅಮ್ಮನ್ನ ಯಾಕೆ ಎಳೀತೀಯ ಮಧ್ಯಕ್ಕೆ?”

ಯಾಕೆ ಅಂತ ಅವಳಿಗೆ ಗೊತ್ತಿತ್ತು. ಮಗ ಹುಟ್ಟಿದಾಗಿನಿಂದ ಅಮ್ಮ ಅವನ ಮಾತು ಮೀರಿದವಳಲ್ಲ. ಚಿಕ್ಕಂದಿನಲ್ಲಿ ಇಬ್ಬರೂ ಯಾವುದಕ್ಕೇ ಕಿತ್ತಾಡಲಿ, ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು, ಅವನು ದೊಡ್ಡವನು, ಹೋಗ್ಲಿ ಬಿಡು ಅನ್ನುತ್ತಿದ್ದಳು. ಪೆನ್ಸಿಲ್ಲಿನಿಂದ ಹಿಡಿದು ಕಾಲೇಜಿನವರೆಗೆ ಎಲ್ಲದರಲ್ಲೂ ತಂಗಿ ಹೋಗಲಿ ಬಿಟ್ಟದ್ದೇ ಬಿಟ್ಟದ್ದು. ಮಾತು ಹೋದ ಮೇಲೂ, ಅಣ್ಣನ ದನಿ ಕೇಳಿದರೆ ಅಮ್ಮನ ಮುಖ ಬೆಳಗುತ್ತಿತ್ತು. ಅಣ್ಣ ಏನು ಹೇಳಿದರೂ ಗಂಟಲಲ್ಲೇ “ಊಂ” ಅನ್ನುತ್ತಿದ್ದಳು. ಆ ಒಂದು ಊಂ ಸಾಕು ಅಣ್ಣನಿಗೆ.

“…ಕೇಳಿಸ್ತಿದೆ ಅಮ್ಮಂಗೆ. ಆಗಿಂದ್ಲೂ ಕೇಳಿಸ್ತಿದೆ, ಸ್ಪೀಕರ್ ಹಾಕಿದೀನಿ. … ಹತ್ರ ಇಡ್ಬೇಕಾ? ಇಟ್ಟೆ.”

ಅವಳು ಫೋನನ್ನು ಅಮ್ಮನ ಮಗ್ಗುಲಿಗೆ, ಬಲಗೈ ಹತ್ತಿರಕ್ಕೆ ಸರಿಸಿದಳು. ಅಣ್ಣನ ದನಿ ಒಮ್ಮೆಗೇ ಬದಲಾಯಿತು. ಮೆತ್ತಗಾಯಿತು, ಚಿಕ್ಕ ಹುಡುಗನಂತಾಯಿತು, ಅಮ್ಮಾ ಅಮ್ಮಾ ಅಂತ ಎರಡು ಮಾತಿಗೊಮ್ಮೆ ಕರೆಯಿತು. ತಂಗಿ ಕೇಳಲಾಗದೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕೊನೆಗೆ ಆ ದನಿ ಏನೋ ಕೇಳಿ ನಿಂತಿತು.

“ಅಮ್ಮಾ, ಕೇಳಿಸ್ತಾ? ಇವರು ಹೋಗ್ಬೇಕಂತೆ. ನೀನು ಊಂ ಅಂದ್ರೆ ಸಾಕಂತೆ.”

ಅಮ್ಮ ಊಂ ಅನ್ನಲಿಲ್ಲ. ಗಡಿಯಾರಮ್ಮನ ಹೆಗಲ ಮೇಲಿದ್ದ ಚೀಲವನ್ನು ನೋಡಿದಳು. ಗುಂಡನನ್ನು ನೋಡಿದಳು. ತುಟಿ ಬಿಗಿದಿತ್ತು, ಮೊದಲು ಸಿಟ್ಟಿನಲ್ಲಿ ಪಾತ್ರೆ ಉಜ್ಜುವಾಗ ಬಿಗಿಯುತ್ತಿದ್ದ ಹಾಗೆಯೇ.

“…ಅಣ್ಣ, ಅವಳೇನೂ ಅಂತಿಲ್ಲ. … ಇಲ್ಲ, ನಾನೇನೂ ಹೇಳಿಕೊಡ್ತಿಲ್ಲ. ಆಣೆಗೂ ಇಲ್ಲ. … ಇರು, ಕೈ… ಏನೋ ಮಾಡ್ತಿದಾಳೆ…”

ಗುಂಡನ ಮುಷ್ಟಿಯಿಂದ ಹೆಬ್ಬೆರಳು ಮೆಲ್ಲಗೆ ಬಿಡಿಸಿಕೊಂಡಿತು. ಯಾರೂ ಎತ್ತಿಕೊಟ್ಟಿರಲಿಲ್ಲ. ವರ್ಷದಿಂದ ಬಿದ್ದಲ್ಲೇ ಬಿದ್ದಿದ್ದ ಆ ಬಲಗೈ ಹೊದಿಕೆಯನ್ನು ತರಚಿಕೊಂಡು ಒಂದು ಬೆರಳಿನಷ್ಟು ಸರಿಯಿತು, ನಿಂತಿತು, ಮತ್ತೆ ಸರಿಯಿತು. ಗಡಿಯಾರಮ್ಮನ ಹೆಗಲಿನಿಂದ ಚೀಲ ಜಾರಿ ಕೆಳಗೆ ಬಿತ್ತು. ಅಣ್ಣ ಇನ್ನೂ ಅಮ್ಮಾ ಅಮ್ಮಾ ಅನ್ನುತ್ತಲೇ ಇದ್ದ. ಕೈ ಫೋನಿನ ಅಂಚಿಗೆ ತಗಲಿತು, ಅಂಚು ಹತ್ತಿತು. ನಡುಗುತ್ತ ನಡುಗುತ್ತ ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ಬಂದು ನಿಂತಿತು.

“ಅಣ್ಣಾ, ಅಮ್ಮನ ಬಲಗೈ… ಅಣ್ಣಾ, ಅಮ್ಮನ ಬಲಗೈ ಕಣೋ…”

ಹೆಬ್ಬೆರಳು ಒತ್ತಿತು. ಕರೆ ಕಟ್ಟಾಯಿತು.